ಮುದ್ದೀರ ದೇಶಭಕ್ತಿಗೀತೆ ಹಾಡಿದ್ದು

ಗೌಜಗನಹಳ್ಳಿಯಲ್ಲಿ ನಿಂಗಾಜಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಮುದ್ದೀರ. ಹತ್ತು ಮಕ್ಕಳನ್ನು ಹೆತ್ತವಳೂ ಅಷ್ಟು ಬಯ್ದಿರಲಾರಳು, ಇವಳು ಇವನೊಬ್ಬನಿಗೇ ಅಷ್ಟು ಬಯ್ಯಬೇಕಾಗಿತ್ತು.

ಹಾಗಂತ ಮುದ್ದೀರ ಕೆಟ್ಟವನೇನಲ್ಲ. ಕುಡಿಯುವವನಲ್ಲ, ಜಗಳಕ್ಕೆ ಹೋಗುವವನಲ್ಲ, ಇಪ್ಪತ್ತಾರು ತುಂಬಿದರೂ ತಾಯಿಗೆ ಒಂದು ಎದುರುಮಾತು ಆಡಿದವನಲ್ಲ. ಹೇಳಿದ ಮಾತು ಕೇಳುವವನು. ಕೇಳಿದ್ದನ್ನು ಕೇಳಿದ ಹಾಗೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ. ಒಂದು ಸಲ ಅವಳು ಸಂತೆಗೆ ಹೊರಟವಳು, "ಬಾಗಿಲ ಮೇಲೆ ಒಂದು ಕಣ್ಣಿಟ್ಟಿರು ಮಗ" ಅಂದಳು. ವಾಪಸು ಬಂದಾಗ ಮುದ್ದೀರ ಬಾಗಿಲಿಗೆ ಒಂದು ಕಣ್ಣು ಒತ್ತಿಕೊಂಡು ನಿಂತಿದ್ದ. ಹಿತ್ತಲ ಕಡೆಯಿಂದ ಬಂದ ನಾಯಿ ಮುದ್ದೆಯನ್ನೆಲ್ಲ ತಿಂದು, ಸಾರು ನೆಕ್ಕಿ, ಅಲ್ಲೇ ಮಲಗಿತ್ತು.

ನಿಂಗಾಜಮ್ಮ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಅಕ್ಕಿ ಆರಿಸುತ್ತಾ ಹಾಡುತ್ತಿದ್ದಳು. ಅವಳು ಹಾಡಲು ಶುರುಮಾಡಿದರೆ ಪಾಠ ಮಾಡುತ್ತಿದ್ದ ಶಿವನಂಜ ಮೇಷ್ಟ್ರು ಮಗ್ಗಿ ಮರೆತುಬಿಡುತ್ತಿದ್ದರು.

ಆ ವರ್ಷ ತಾಲ್ಲೂಕಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ಶಾಲೆಯೂ ಮಕ್ಕಳನ್ನೂ ಊರಿನವರನ್ನೂ ಸೇರಿಸಿ ಒಂದು ಹಾಡಿನ ತಂಡ ಕಟ್ಟಬೇಕು, ಹೊಸದೊಂದು ದೇಶಭಕ್ತಿಗೀತೆ ಕಲಿಯಬೇಕು, ಆರಿಸಿದ ತಂಡಗಳು ಆಗಸ್ಟ್ ಹದಿನೈದಕ್ಕೆ ತಾಲ್ಲೂಕು ಮೈದಾನದಲ್ಲಿ ಹಾಡಬೇಕು ಅಂತ. ಶಿವನಂಜ ಮೇಷ್ಟ್ರು ಮೂರು ಭಾನುವಾರ ಕೂತು ತಾವೇ ಹಾಡು ಬರೆದರು.

"ಮೇಲೆ ಬಾನು, ಕೆಳಗೆ ನೆಲ, ನಡುವೆ ನಾವು ನಿಂತೆವು" ಅಂತ ಅದರ ಪಲ್ಲವಿ.

ಮುಂದೆ ನಿಂತು ಹಾಡುವುದಕ್ಕೆ ನಿಂಗಾಜಮ್ಮನನ್ನು ಕರೆದರು. ಅವಳಿಗೆ ಒಳಗೊಳಗೇ ಹಿಗ್ಗು. ಹುಟ್ಟಿದಾಗಿನಿಂದ ಅವಳು ಹಾಡಿದ್ದು ಒಲೆಯ ಮುಂದೆ, ಇಲ್ಲ ಗದ್ದೆಯ ಕೆಸರಲ್ಲಿ. ಒಂದು ಸಲವಾದರೂ ಮೈಕಿನ ಮುಂದೆ ನಿಂತು ಹಾಡಬೇಕು ಅಂತ ಆಸೆ. ಯಾರಿಗೂ ಹೇಳಿಕೊಂಡಿರಲಿಲ್ಲ.

ಆದರೆ ತಂಡಕ್ಕೆ ಗಂಡಸರ ದನಿ ಬೇಕಲ್ಲ. ಊರ ಗಂಡಸರು ಮೊದಲ ದಿನ ಬಂದು ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ. ಉಳಿದವನು ಗೂರಲು ಕೆಮ್ಮಿನ ಸಣ್ಣಬೋರಜ್ಜ ಒಬ್ಬ. ಮೇಷ್ಟ್ರಿಗೆ ಮುದ್ದೀರನ ನೆನಪಾಯಿತು. ಮುದ್ದೀರ ಕೆರೆ ಏರಿಯ ಮೇಲೆ ನಿಂತು ಒಂದು ಕೂಗು ಹಾಕಿದರೆ ಆಚೆ ಊರಿನ ಎಮ್ಮೆಗಳೂ ಮನೆ ಕಡೆ ಹೊರಡುತ್ತಿದ್ದವು.

"ಅವನು ಬೇಡಿ ಮೇಷ್ಟ್ರೇ" ಅಂದಳು ನಿಂಗಾಜಮ್ಮ.

"ದನಿ ಬೇಕಮ್ಮ. ತಲೆ ನಾನು ನೋಡ್ಕೋತೀನಿ" ಅಂದರು ಮೇಷ್ಟ್ರು.

ಮುದ್ದೀರ ಅಭ್ಯಾಸಕ್ಕೆ ಹೊರಟ ಮೊದಲ ದಿನ ಅವನ ತಲೆಗೆ ಎಣ್ಣೆ ಹಚ್ಚುತ್ತಾ ನಿಂಗಾಜಮ್ಮ ಹೇಳಿದಳು: "ಮೇಷ್ಟ್ರು ಏನು ಹೇಳ್ತಾರೋ ಅದನ್ನ ಹಂಗೇ ಹೇಳು ಮಗ. ಒಂದಕ್ಷರ ಬಿಡಬೇಡ."

"ಆಗಲಿ ಕಣವ್ವ" ಅಂದ ಮುದ್ದೀರ.

ಶಾಲೆಯ ಜಗಲಿಯಲ್ಲಿ ಎಲ್ಲರೂ ಸಾಲಾಗಿ ನಿಂತರು. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು, "ಎಲ್ಲರೂ ಬಂದ್ರಾ?" ಅಂದರು.

"ಎಲ್ಲರೂ ಬಂದ್ರಾ?" ಅಂದ ಮುದ್ದೀರ.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಯಾರಯ್ಯ ಅದು?"

"ಯಾರಯ್ಯ ಅದು?"

"ನನ್ನನ್ನೇ ಅಣಕಿಸ್ತೀಯ?"

"ನನ್ನನ್ನೇ ಅಣಕಿಸ್ತೀಯ?"

ಅಷ್ಟರಲ್ಲಿ ಮೇಷ್ಟ್ರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವರು ಅತ್ತ ತಿರುಗಿ, ದನಿ ತಗ್ಗಿಸಿ, "ಹೂಂ ಕಣೆ, ಮರೆತಿಲ್ಲ, ಬರ್ತಾ ಬದನೆಕಾಯಿ ತರ್ತೀನಿ, ಕೋಪ ಮಾಡ್ಕೋಬೇಡ ಬಂಗಾರ" ಅಂದರು. ಮುದ್ದೀರ ಅದನ್ನೂ ಹೇಳಿದ. ದನಿ ತಗ್ಗಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ಕೆರೆಯಾಚೆಗೂ ಕೇಳುವ ಹಾಗೆ ಹೇಳಿದ. ಮಾರನೆಯ ದಿನದಿಂದ ಊರ ಮಕ್ಕಳು ಮೇಷ್ಟ್ರಿಗೆ ಬದನೆಕಾಯಿ ಮೇಷ್ಟ್ರು ಅಂತ ಹೆಸರಿಟ್ಟರು.

ಮನೆ ದಾರಿಯಲ್ಲಿ ನಿಂಗಾಜಮ್ಮ ಬಯ್ದಳು. "ಮೇಷ್ಟ್ರು ಆಡಿದ ಮಾತೆಲ್ಲ ಹಾಡೇನ್ಲಾ? ನನ್ನ ಮಾನ ಕಳೆದ್ಯಲ್ಲೋ. ನಾಳೆಯಿಂದ ಬಾಯಿ ಮುಚ್ಕೊಂಡಿರು. ಮೇಷ್ಟ್ರು ಚರಣ ಎತ್ಕೊಳ್ಳಿ ಅಂದಾಗ ಮಾತ್ರ ಎತ್ಕೊ."

"ಆಗಲಿ ಕಣವ್ವ" ಅಂದ ಮುದ್ದೀರ.

ಚರಣ ಅಂದರೆ ಕಾಲು ಅನ್ನುವುದು ಅವನಿಗೆ ಗೊತ್ತಿತ್ತು. ಶನಿವಾರದ ಭಜನೆಯಲ್ಲಿ ಅವನು ಕಲಿತಿದ್ದ ಮಾತು ಅದೊಂದೇ.

ಮಾರನೆಯ ದಿನ ಪಲ್ಲವಿ ಮುಗಿಯಿತು. ಮುದ್ದೀರ ತುಟಿ ಬಿಚ್ಚಲಿಲ್ಲ. ಮೇಷ್ಟ್ರು, "ಮೊದಲನೇ ಚರಣ ಎತ್ಕೊಳ್ಳಿ" ಅಂದರು. ಮುದ್ದೀರ ಬಲಗಾಲು ಎತ್ತಿಕೊಂಡ. ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತ. ಕಣ್ಣು ಮುಚ್ಚಿ ಹಾರ್ಮೋನಿಯಂ ಒತ್ತುತ್ತಿದ್ದ ಮೇಷ್ಟ್ರು ನೋಡಲಿಲ್ಲ. ನಿಂಗಾಜಮ್ಮ ನೋಡಿದಳು. ಹಾಡುತ್ತಲೇ ಕಣ್ಣಲ್ಲಿ ಬೆದರಿಸಿದಳು. ಮುದ್ದೀರ ಕಾಲನ್ನು ಇನ್ನಷ್ಟು ಮೇಲೆತ್ತಿದ.

"ಭಲೇ. ಈಗ ಎರಡನೇ ಚರಣಾನೂ ಎತ್ಕೊಳ್ಳಿ" ಅಂದರು ಮೇಷ್ಟ್ರು.

ಮುದ್ದೀರ ಒಂದು ಗಳಿಗೆ ಯೋಚಿಸಿದ. ಮೊದಲನೆಯದನ್ನು ಇಳಿಸು ಅಂತ ಯಾರೂ ಹೇಳಿಲ್ಲ. ಎರಡನೆಯದನ್ನು ಎತ್ತು ಅಂತಿದ್ದಾರೆ. ಎತ್ತಿದ. ಎತ್ತಿ ಏಳನೇ ಕ್ಲಾಸಿನ ಸಾಲಿನ ಮೇಲೆ ಬಿದ್ದ, ಆ ಸಾಲು ಆರನೇ ಕ್ಲಾಸಿನ ಮೇಲೆ ಬಿತ್ತು, ಆರನೇ ಕ್ಲಾಸು ಹಾರ್ಮೋನಿಯಂ ಮೇಲೆ ಬಿತ್ತು. ಹಾರ್ಮೋನಿಯಂ ಕತ್ತು ಹಿಚುಕಿದ ಕೋಳಿಯ ಹಾಗೆ ಒಂದು ಸಲ ಕೂಗಿ ಸುಮ್ಮನಾಯಿತು.

"ನಿನ್ನ ಬುದ್ಧಿಗಿಷ್ಟು" ಅಂದಳು ನಿಂಗಾಜಮ್ಮ, ಮಗನ ಮೊಣಕೈಗೆ ಅರಿಶಿನ ಒತ್ತುತ್ತಾ. "ನಿನಗೆ ತಿಳೀದೆ ಇದ್ರೆ ಪಕ್ಕದೋರನ್ನ ನೋಡೋ. ಅವ್ರು ಮಾಡಿದಂಗೆ ಮಾಡು."

"ಆಗಲಿ ಕಣವ್ವ."

ಪಕ್ಕದವನು ಅಂದರೆ ಸಣ್ಣಬೋರಜ್ಜ. ಮೂರನೆಯ ದಿನ ಅಜ್ಜ ಕೆಮ್ಮಿದ, ಮುದ್ದೀರ ಕೆಮ್ಮಿದ. ಅಜ್ಜ ಬೆನ್ನು ಕೆರೆದ, ಮುದ್ದೀರ ಬೆನ್ನು ಕೆರೆದ. ಅಜ್ಜ ಪಂಚೆ ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. ಮುದ್ದೀರನೂ ಬಿಚ್ಚಿ ಕೊಡವಿದ. ಅಜ್ಜ ಒಳಗೆ ಪಟಾಪಟಿ ಚಡ್ಡಿ ಹಾಕಿದ್ದ, ಮುದ್ದೀರ ಹಾಕಿರಲಿಲ್ಲ. ಹಾಡು ಅರ್ಧಕ್ಕೆ ನಿಂತಿತು. ಹೆಣ್ಣುಮಕ್ಕಳೆಲ್ಲ ಗೋಡೆ ಕಡೆ ತಿರುಗಿಕೊಂಡರು.

ಅಷ್ಟರಲ್ಲಿ ಅಜ್ಜನಿಗೆ ಹೊಟ್ಟೆ ತಿರುವಿ, ಚೊಂಬು ಹಿಡಿದು ಶಾಲೆಯ ಹಿಂದಿನ ಬೇಲಿಗೆ ಹೋದ. ಮುದ್ದೀರನೂ ಒಂದು ಚೊಂಬು ಹುಡುಕಿಕೊಂಡು ಹೋಗಿ ಪಕ್ಕದಲ್ಲೇ ಕೂತ.

"ಥೂ, ಇಲ್ಲಿಗೂ ಬಂದ್ಯೇನ್ಲಾ?" ಅಂದ ಅಜ್ಜ.

"ಪಕ್ಕದೋರು ಮಾಡಿದಂಗೆ ಮಾಡು ಅಂದವ್ಳೆ ಅವ್ವ. ನಿಧಾನಕ್ಕೆ ಮಾಡಜ್ಜ, ನನಗೇನೂ ಅವಸರ ಇಲ್ಲ."

ಅಜ್ಜ ಎದ್ದು ನೇರ ನಿಂಗಾಜಮ್ಮನ ಹತ್ತಿರ ಬಂದ. "ನಿಂಗಾಜಿ, ಇನ್ಮೇಲೆ ಒಂದೋ ನಿನ್ನ ಮಗ ಇರಬೇಕು, ಇಲ್ಲ ನಾನು ಇರಬೇಕು."

ಅವಳು ಅಜ್ಜನ ಕೈಕಾಲು ಹಿಡಿದು ಒಪ್ಪಿಸಿದಳು. ಅಳು ಬರುವ ಹಾಗಿತ್ತು. ಮಗನನ್ನು ಬಿಟ್ಟು ಬಂದರೆ ಮನೆಯಲ್ಲಿ ಏನು ಮಾಡುತ್ತಾನೋ ಅಂತ ಭಯ, ಕರೆತಂದರೆ ಇಲ್ಲಿ ಹೀಗೆ. ಹಾಡೇ ಬೇಡ ಅಂತ ಬಿಟ್ಟುಬಿಡೋಣ ಅನ್ನಿಸಿತು. ಬಿಡಲು ಮನಸ್ಸು ಬರಲಿಲ್ಲ.

"ನೋಡು ಮಗ" ಅಂದಳು, "ನಿನಗೆ ಯಾರನ್ನೂ ನೋಡೋದು ಬೇಡ. ಎಲ್ಲರೂ ಹಾಡಿದಾಗ ಹಾಡು, ನಿಂತ ಜಾಗದಲ್ಲಿ ನಿಂತಿರು. ಹಾಡು ಶುರುವಾಗಿ ಮುಗಿಯೋ ತನಕ, ಯಾರು ಬರಲಿ, ಯಾರು ಹೋಗಲಿ, ಒಂದಿಂಚೂ ಕದಲಬೇಡ."

"ಆಗಲಿ ಕಣವ್ವ."

ತಂಡಗಳನ್ನು ಆರಿಸುವುದಕ್ಕೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬರುವ ದಿನ ಬಂತು. ಮುದ್ದೀರ ಮಾವಿನೆಲೆ ತರಲು ಹೋಗಿದ್ದವನು ಶಾಲೆಯ ಗೇಟಿನ ಹತ್ತಿರ ಬರುತ್ತಿದ್ದ. ಒಳಗೆ ಮಕ್ಕಳು, ಕೊನೇ ಸಲ ಅಭ್ಯಾಸ ಅಂತ, "ಮೇಲೆ ಬಾನು, ಕೆಳಗೆ ನೆಲ" ಅಂದರು. ಮುದ್ದೀರ ಗೇಟಿನ ನಟ್ಟನಡುವೆ ನಿಂತುಬಿಟ್ಟ. ಅದೇ ಹೊತ್ತಿಗೆ ಅಧಿಕಾರಿಯ ಜೀಪು ಬಂತು. ಜೀಪು ಕಂಡದ್ದೇ ಮೇಷ್ಟ್ರು ಗಾಬರಿಯಲ್ಲಿ ಹಾಡು ನಿಲ್ಲಿಸಿದರು.

ಡ್ರೈವರ್ ಹಾರನ್ ಹೊಡೆದ. ಇಳಿದು ಬಂದು ತಳ್ಳಿದ. ಮುದ್ದೀರ ನೆಟ್ಟ ಕಲ್ಲು.

"ಯಾಕಪ್ಪ ಅಡ್ಡ ನಿಂತಿದ್ದೀಯ?" ಅಂತ ಅಧಿಕಾರಿ ಇಳಿದು ಬಂದರು.

"ಹಾಡು ಶುರುವಾಗೈತೆ ಸ್ವಾಮಿ. ಮುಗಿಯೋ ತನಕ ಕದಲಂಗಿಲ್ಲ. ದೇಶಭಕ್ತಿಗೀತೆ."

ದೇಶಭಕ್ತಿಗೀತೆ ಅಂದ ಕೂಡಲೇ ಅಧಿಕಾರಿ ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತರು. ಅವರು ನಿಂತದ್ದು ನೋಡಿ ಡ್ರೈವರೂ ನಿಂತ. ಜೀಪಿನ ಹಿಂದೆ ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸೂ ನಿಂತಳು. ಎಲ್ಲರೂ ನಿಂತರು, ಹಾಡು ಮಾತ್ರ ಇಲ್ಲ.

ನಿಂಗಾಜಮ್ಮನಿಗೆ ಹೊಳೆಯಿತು. ಹಾಡು ಮುಗಿಯದೆ ಇವನು ಸರಿಯುವುದಿಲ್ಲ. ಮೇಷ್ಟ್ರಿಗೂ ಕಾಯದೆ, ಹಾರ್ಮೋನಿಯಂಗೂ ಕಾಯದೆ ಅವಳು ಹಾಡನ್ನು ಎತ್ತಿಕೊಂಡಳು. ಮಕ್ಕಳು ದನಿಗೂಡಿಸಿದರು. ಗೇಟಿನಿಂದ ಮುದ್ದೀರನ ದನಿ ಗುಡುಗಿತು. ಬಿಸಿಲಲ್ಲಿ ನಿಂತೇ ಅಧಿಕಾರಿ ಪೂರ್ತಿ ಕೇಳಿದರು.

"ಈ ತಾಯಿಯ ಕಂಠ ಏನು ಕಂಠ" ಅಂದರು ಆಮೇಲೆ, ಬೆವರು ಒರೆಸಿಕೊಳ್ಳುತ್ತಾ. "ತಂಡ ಆಯ್ಕೆಯಾಯಿತು. ಆದರೆ ಮೇಷ್ಟ್ರೇ, ನೆಲ ಬಂತು, ಬಾನು ಬಂತು, ತಾಯಿಯೇ ಬರಲಿಲ್ಲವಲ್ಲ. ತಾಯಿ ಇಲ್ಲದ ದೇಶಭಕ್ತಿಗೀತೆ ಉಂಟೇ? ಒಂದು ಚರಣ ಸೇರಿಸಿ."

ಮೇಷ್ಟ್ರು ಸೇರಿಸಿದರು. ಅದನ್ನು ನಿಂಗಾಜಮ್ಮ ಒಬ್ಬಳೇ ಹಾಡಬೇಕು ಅಂತಾಯಿತು.

ಆಗಸ್ಟ್ ಹದಿನೈದರ ಬೆಳಿಗ್ಗೆ ಮುದ್ದೀರನಿಗೆ ಬಿಳಿ ಅಂಗಿ ತೊಡಿಸುತ್ತಾ ಮೇಷ್ಟ್ರೇ ಬುದ್ಧಿ ಹೇಳಿದರು. "ಇವತ್ತು ಕಂಬದ ಹಾಗೆ ನಿಲ್ಲಬೇಡಪ್ಪ. ಮಕ್ಕಳ ಹಾಗೆ ಅಭಿನಯ ಮಾಡು. ಹಾಡಿನಲ್ಲಿ ಏನಿದೆಯೋ ಅದನ್ನ ಮಾಡಿ ತೋರಿಸು. ಹೆಚ್ಚೂ ಬೇಡ, ಕಮ್ಮೀನೂ ಬೇಡ."

"ಆಗಲಿ ಮೇಷ್ಟ್ರೇ" ಅಂದ ಮುದ್ದೀರ.

ಮೈದಾನದ ತುಂಬ ಜನ. ತಹಶೀಲ್ದಾರರು ಬಾವುಟ ಹಾರಿಸಿದರು. ಗೌಜಗನಹಳ್ಳಿಯ ಸರದಿ ಬಂತು. "ಮೇಲೆ ಬಾನು" ಅಂದಾಗ ಮುದ್ದೀರ ಬಾನು ತೋರಿಸಿದ. "ಕೆಳಗೆ ನೆಲ" ಅಂದಾಗ ನೆಲ ತೋರಿಸಿದ. ಮೇಷ್ಟ್ರ ಮುಖ ಅರಳಿತು. ನಿಂಗಾಜಮ್ಮ ಹೊಸ ಸೀರೆಯ ಸೆರಗು ಸರಿಮಾಡಿಕೊಂಡು, ಮೈಕನ್ನು ಕೈಗೆ ತೆಗೆದುಕೊಂಡು ತನ್ನ ಚರಣ ಶುರುಮಾಡಿದಳು.

"ಹೆತ್ತ ತಾಯೆ, ನಿನ್ನ ನಾವು ಹೆಗಲ ಮೇಲೆ ಹೊರುವೆವು..."

ಮುದ್ದೀರ ಸಾಲಿನಿಂದ ಹೊರಗೆ ಬಂದ. ಅಕ್ಕಿ ಮೂಟೆ ಎತ್ತುವ ಹಾಗೆ ತಾಯಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ನಿಂಗಾಜಮ್ಮನ ಜೀವ ಬಾಯಿಗೆ ಬಂತು. ಆದರೆ ಬಾಯಲ್ಲಿ ಹಾಡಿತ್ತು. ಏನೇ ಆದರೂ ಹಾಡು ನಿಲ್ಲಿಸಬಾರದು ಅಂತ ಮೇಷ್ಟ್ರು ನೂರು ಸಲ ಹೇಳಿದ್ದರು. ಅವಳು ಒಂದು ಕೈಯಲ್ಲಿ ಮಗನ ಜುಟ್ಟು, ಒಂದು ಕೈಯಲ್ಲಿ ಮೈಕು ಹಿಡಿದು ಎರಡನೇ ಸಾಲನ್ನೂ ಹಾಡಿದಳು.

"ಗಡಿಯ ಕಲ್ಲು ಕಾಣೋ ತನಕ ನಿಲ್ಲದಂತೆ ನಡೆವೆವು."

ಮುದ್ದೀರ ನಡೆದ. ಅವಳು ಹಾಡುತ್ತಲೇ ಇದ್ದಳು. ಅಷ್ಟು ಎತ್ತರದಿಂದ ಅವಳು ಯಾರನ್ನೂ ಯಾವತ್ತೂ ನೋಡಿರಲಿಲ್ಲ. ಪಂಚಾಯ್ತಿ ಮೆಂಬರುಗಳ ಬಕ್ಕತಲೆ, ಟೋಪಿಗಳು, ಬಾಯಿ ಬಿಟ್ಟುಕೊಂಡು ತನ್ನನ್ನೇ ನೋಡುತ್ತಿದ್ದ ಸಾವಿರ ಮುಖ. ಭಯ ಹೋಗಿ ದನಿ ತಾನಾಗಿ ಬಿಚ್ಚಿಕೊಂಡಿತು. ಇದೇನೋ ಸ್ತಬ್ಧಚಿತ್ರ ಇರಬೇಕು ಅಂತ ತಹಶೀಲ್ದಾರರು ಎದ್ದು ಸೆಲ್ಯೂಟ್ ಹೊಡೆದರು. ಮೈಕಿನ ವೈರು ಬಿಗಿದು, ಕಿತ್ತು, ಹಿಂದೆ ಬಾಲದ ಹಾಗೆ ಬಂತು. ವೈರಿನ ಹಿಂದೆ ಮೈಕ್‌ಸೆಟ್ಟಿನವನು ಓಡಿ ಬಂದ. ಮುಂದಾಳೇ ಹೊರಟ ಮೇಲೆ ಮಕ್ಕಳು ನಿಲ್ಲುತ್ತಾರೆಯೇ, ಅವರೂ ಹಾಡುತ್ತಾ ಹಿಂದೆ ಹೊರಟರು. ಮೈದಾನದ ಗೇಟು ದಾಟುವಾಗ ಹಿಂದಿನಿಂದ ಚಪ್ಪಾಳೆಯ ಸದ್ದು ಬಂತು, ಗೌಜಗನಹಳ್ಳಿಗೆ ಮೊದಲ ಬಹುಮಾನ ಅಂತ ಯಾರೋ ಕೂಗಿದ್ದೂ ಕೇಳಿಸಿತು.

"ಗೆದ್ವಿ ಕಣೋ. ಇಳಿಸ್ಲಾ ಇನ್ನ" ಅಂದಳು ನಿಂಗಾಜಮ್ಮ.

"ಗಡಿ ಕಲ್ಲು ಬರ್ಲಿಲ್ವಲ್ಲವ್ವ."

ಬಸ್‌ಸ್ಟ್ಯಾಂಡ್ ದಾಟಿದ. ಸೈಕಲ್ ಶಾಪಿನವನನ್ನು ನಿಲ್ಲಿಸಿ, "ಗಡಿ ಎತ್ತಾಗೈತಣ್ಣ?" ಅಂತ ಕೇಳಿದ.

"ಯಾವ ಗಡಿ? ತಾಲ್ಲೂಕಿಂದೋ, ಜಿಲ್ಲೇದೋ?"

"ದೇಶದ್ದು."

ಸೈಕಲ್ ಶಾಪಿನವನು ಇವನನ್ನು ನೋಡಿದ, ಮೇಲೆ ಕೂತವಳನ್ನು ನೋಡಿದ, ಸುಮ್ಮನೆ ಬಡಗಣ ದಿಕ್ಕಿಗೆ ಕೈ ತೋರಿಸಿದ. ಆ ಕಡೆ ನಾಲೆ ಇತ್ತು. ಸೇತುವೆ ಅರ್ಧ ಮೈಲಿ ಸುತ್ತು. ಮುದ್ದೀರ ನೇರ ನೀರಿಗಿಳಿದ. ಹಿಂದೆ ಬಂದ ಮಕ್ಕಳೂ ಮೈಕ್‌ಸೆಟ್ಟಿನವನೂ ದಡದಲ್ಲೇ ನಿಂತರು.

ಮೇಷ್ಟ್ರು ಯಾರದೋ ಸೈಕಲ್ ಇಸಕೊಂಡು ಏದುಸಿರು ಬಿಡುತ್ತಾ ದಡಕ್ಕೆ ಬರುವ ಹೊತ್ತಿಗೆ ಮುದ್ದೀರ ನಾಲೆಯ ನಡುವಿದ್ದ. ನೀರು ತೊಡೆಯವರೆಗೆ.

"ಲೋ, ಅವಳನ್ನ ಇಳಿಸೋ" ಅಂದರು ಮೇಷ್ಟ್ರು.

"ಹಾಡಿನಲ್ಲಿ ಇಳಿಸೋ ಮಾತೇ ಇಲ್ವಲ್ಲ ಮೇಷ್ಟ್ರೇ. ಹೆಚ್ಚೂ ಬೇಡ ಕಮ್ಮೀನೂ ಬೇಡ ಅಂದಿದ್ರಿ."

ಮೇಷ್ಟ್ರಿಗೆ ಬೇರೆ ದಾರಿ ಕಾಣಲಿಲ್ಲ. ದಡದಲ್ಲಿ ನಿಂತು, ಕಣ್ಣು ಮುಚ್ಚಿ, ಬೆರಳೆಣಿಸಿ, ಅಲ್ಲೇ ಒಂದು ಸಾಲು ಕಟ್ಟಿ ಗಟ್ಟಿಯಾಗಿ ಹಾಡಿದರು.

"ಗಡಿಯು ಬಂತು, ತಾಯೆ, ನಿನ್ನ ಮೆಲ್ಲಗಿಲ್ಲೆ ಇಳಿಸುವೆವು."

ಮುದ್ದೀರ ಕೇಳಿದ. ಕೇಳಿದ್ದನ್ನು ಕೇಳಿದ ಹಾಗೇ ಮಾಡಿದ. ತಾಯಿಯನ್ನು ಮೆಲ್ಲಗೆ, ಬಲು ಮೆಲ್ಲಗೆ, ಅಲ್ಲೇ ನಾಲೆಯ ನಡುವೆ ಇಳಿಸಿ ಕೂರಿಸಿದ.

ನಿಂಗಾಜಮ್ಮ ಕತ್ತಿನವರೆಗೆ ನೀರಲ್ಲಿ ಕೂತು, ಮೈಕನ್ನು ನೆನೆಯದಂತೆ ತಲೆಯ ಮೇಲೆ ಎತ್ತಿ ಹಿಡಿದುಕೊಂಡು, ದಡದ ಕಡೆ ನೋಡಿದಳು.

"ಮೇಷ್ಟ್ರೇ" ಅಂದಳು, "ಮುಂದಿನ ಸಾಲು ಬೇಗ ಬರೀರಿ."