ಬೋನಿನ ಚಿಲಕ

ಮನೆ ಕಾಯಲೆಂದು ಶಂಕ್ರೆವ್ವ ಮುಧೋಳದ ಬೇಟೆನಾಯಿಯ ಮರಿಯೊಂದನ್ನು ತಂದಳು. ಅದು ಒಂದು ಕಡೆ ಮಲಗುವುದನ್ನು ಕಲಿಯಲಿ ಎಂದು ಕಬ್ಬಿಣದ ಬೋನನ್ನೂ ತಂದು, ಹಳೇ ಕೌದಿ ಹಾಸಿ, "ಇದು ನಿನ್ನ ಮನಿ, ಒಳಗ ಹೋಗು" ಎಂದು ರೊಟ್ಟಿಯ ಚೂರು ಎಸೆದಳು. ಮರಿ ಒಳಹೊಕ್ಕಿತು. ಹಿಂದೆಯೇ ಚಿಲಕ ಬಿತ್ತು.

ಮರಿ ಓಣಿಗೆಲ್ಲ ಕೇಳುವಂತೆ ಊಳಿಟ್ಟಿತು.

"ಯಾಕೆ ಅಳುತ್ತೀಯೆ? ನಾನು ನಿನ್ನ ಮನೆ," ಎಂದಿತು ಬೋನು.

"ಚಿಲಕ ಹೊರಗಿರುವ ಮನೆ ನನಗೆ ಬೇಡ," ಎಂದಿತು ಮರಿ. "ನನ್ನಜ್ಜಿ ಮೊಲದ ಹಿಂದೆ ಓಡಿದವಳು. ನಾನು ರೊಟ್ಟಿಯ ಹಿಂದೆ ಬಂದು ಕೆಟ್ಟೆ. ಇನ್ನು ಬರುವುದಿಲ್ಲ."

"ಹಸಿದರೆ ನೀನಾಗಿಯೇ ಬರುತ್ತೀಯೆ."

"ನೋಡೋಣ."

ಹೊರಗೆ ಬಿಟ್ಟ ಮೇಲೆ ಮರಿ ಎಷ್ಟು ಕರೆದರೂ ಒಳಗೆ ಕಾಲಿಡಲಿಲ್ಲ. ಬೋನಿನಲ್ಲಿಟ್ಟ ರೊಟ್ಟಿ ಒಣಗಿ ಸೆಟೆಯಿತು. ಕೊನೆಗೆ ಶಂಕ್ರೆವ್ವ ಸೋತು, ಬೋನಿನ ಬಾಗಿಲನ್ನು ಹಗ್ಗದಿಂದ ಕಿಟಕಿಗೆ ಕಟ್ಟಿ ತೆರೆದೇ ಬಿಟ್ಟಳು. ಅಂದು ಮಧ್ಯಾಹ್ನ ಮರಿ ತಾನಾಗಿ ಒಳಹೋಗಿ, ಕೌದಿಯನ್ನು ಕೆರೆದು ಸರಿಮಾಡಿಕೊಂಡು ಮಲಗಿತು.

ಇದೇ ಸಮಯವೆಂದು ಶಂಕ್ರೆವ್ವ ಮೆಲ್ಲಗೆ ಹಗ್ಗ ಬಿಚ್ಚಿ ಚಿಲಕಕ್ಕೆ ಕೈ ಹಾಕಿದಳು. ಮರಿ ಹಲ್ಲು ತೋರಿಸಿ ಗುರ್ರೆಂದಿತು.

"ಅಯ್ಯ, ನನಗಽ ಗುರ್ ಅಂತೈತಲ್ಲ ಇದು!" ಎಂದು ಅವಳು ಕೈ ಹಿಂದೆಳೆದುಕೊಂಡಳು.

"ರೊಟ್ಟಿ ಹಾಕುವ ಕೈಗೇ ಹಲ್ಲು ತೋರಿಸುತ್ತೀಯಾ?" ಎಂದು ಬೋನು ಗದರಿತು.

"ಇದು ನನ್ನ ಮನೆಯೆಂದು ಅವಳೇ ಹೇಳಿದಳು," ಎಂದಿತು ಮರಿ, ಚಿಲಕದಿಂದ ಕಣ್ಣು ತೆಗೆಯದೆ. "ನನ್ನನ್ನು ತಂದದ್ದೂ ಮನೆ ಕಾಯಲೆಂದೇ. ಕಾಯುತ್ತಿದ್ದೇನೆ."