‘ಕೂಗಿದೆ’ ಎಂಬ ಉತ್ತರ

“ಗುರುಗಳೇ, ಹೋಗುವ ಸಂದೇಶ ಹೋಗುತ್ತಿದೆ, ಅದರ ಉತ್ತರ ಮಾತ್ರ ತಿರುಗಿ ಬರುತ್ತಿಲ್ಲ. ಆದರೂ ಕೆಲಸ ನಿಂತಿಲ್ಲ. ಇದನ್ನೂ ದೋಷವೆಂದು ಎಣಿಸಬೇಕೇ?”

ಹೀಗೆ ಕೇಳಿದವನು ಒಂದು ಮಕ್ಕಳ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಶಿಷ್ಯ. ವಾರ್ಡಿನಲ್ಲಿ ಆಮ್ಲಜನಕ ಕಡಿಮೆಯಾದರೆ ಆ ಸರ್ವರಿನ ಮೂಲಕ ಉಗ್ರಾಣಕ್ಕೆ ಸಂದೇಶ ಹೋಗುತ್ತದೆ. ‘ತಲುಪಿತು’ ಎಂಬ ಉತ್ತರ ಉಗ್ರಾಣದಿಂದ ವಾರ್ಡಿಗೆ ಬರಬೇಕು. ಅದು ಬರುತ್ತಿರಲಿಲ್ಲ. ಸಿಲಿಂಡರುಗಳು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಗುರುಗಳು ‘ಪರವಾಗಿಲ್ಲ’ ಎಂದರೆ ದೂರನ್ನು ಮುಚ್ಚಿಬಿಡೋಣವೆಂದು ಅವನು ಬಂದಿದ್ದ.

ಗುರುಗಳು ಮೂವತ್ತು ವರ್ಷ ಸಂದೇಶ ಓಡಾಡುವ ಇಂಥ ದಾರಿಗಳನ್ನೇ ಹುಡುಕಿ ಸರಿಪಡಿಸಿದವರು. ಮೂಗಿನ ತುದಿಯಲ್ಲೇ ಸಿಟ್ಟು. ಅಂದು ಸಿಟ್ಟಾಗಲಿಲ್ಲ. “ಕೂತುಕೋ” ಎಂದು ಈ ಕತೆ ಹೇಳಿದರು.

ಒಂದು ನದಿಗೆ ಒಂದು ಅಣೆಕಟ್ಟು. ಅಲ್ಲಿ ಗೇಟು ಕಾಯುವವನೊಬ್ಬ. ಹತ್ತು ಮೈಲಿ ಕೆಳಗೆ, ಹರಿಗೋಲಿನಲ್ಲಿ ಜನರನ್ನು ದಾಟಿಸುವ ಅಂಬಿಗನೊಬ್ಬ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇಬ್ಬರ ನಡುವೆ, ಪಟ್ಟಣದ ಕಚೇರಿಯೊಂದರಲ್ಲಿ ಒಂದು ಸರ್ವರ್. ಅದನ್ನು ನೋಡಿಕೊಳ್ಳುವವನೊಬ್ಬ. ಅವನನ್ನು ಸರ್ವರಿನವನು ಎನ್ನೋಣ.

ಗೇಟು ಎತ್ತುವ ಮೊದಲು ಅಣೆಕಟ್ಟಿನಿಂದ ಸಂದೇಶ ಹೊರಡುತ್ತಿತ್ತು. ಸರ್ವರ್ ಅದನ್ನು ಅಂಬಿಗನ ದಡದಲ್ಲಿದ್ದ ಸೈರನ್ನಿನ ಕಂಬಕ್ಕೆ ದಾಟಿಸುತ್ತಿತ್ತು. ಸೈರನ್ ಕೂಗುತ್ತಿತ್ತು. ಅಂಬಿಗ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕುತ್ತಿದ್ದ. ಕಂಬದಿಂದ ‘ಕೂಗಿದೆ’ ಎಂಬ ಉತ್ತರ ಸರ್ವರಿಗೆ ಬಂದು, ಅಲ್ಲಿಂದ ಅಣೆಕಟ್ಟಿಗೆ ಮರಳಬೇಕು. ಮರಳಿದ ಮೇಲೆ ಅರ್ಧ ಗಂಟೆ ಕಾದು ಗೇಟು ಎತ್ತಬೇಕು. ಉತ್ತರ ಬಾರದಿದ್ದರೆ ಎತ್ತಕೂಡದು. ಕಟ್ಟಳೆ ಅಷ್ಟೇ.

ಯಾವ ಊರಿನ ಸಂದೇಶಕ್ಕೆ ಯಾವ ದಾರಿ ಎಂಬ ಪಟ್ಟಿ ಪ್ರತಿ ಸರ್ವರಿನಲ್ಲೂ ಇರುತ್ತದೆ, ನಿನಗೆ ಗೊತ್ತು. ಒಂದು ಬೇಸಿಗೆಯಲ್ಲಿ ಅಣೆಕಟ್ಟಿನ ಕಡೆಗೆ ಸಂದೇಶ ದಾಟಿಸುವ ಸಿಗ್ನಲ್ ಗೋಪುರ ಎರಡು ದಿನ ಕೆಟ್ಟಿತು. ಸರ್ವರಿನವನು ಪಕ್ಕದ ಕಟ್ಟಡದವರ ಸಂದೇಶ ದಾಟಿಸುವ ಯಂತ್ರವನ್ನು ಕೇಳಿ ಪಡೆದು, ‘ಅಣೆಕಟ್ಟಿಗೆ ಹೋಗುವುದೆಲ್ಲ ಇತ್ತ ಹೋಗಲಿ’ ಎಂದು ಪಟ್ಟಿಯಲ್ಲಿ ಕೈಯಾರೆ ಒಂದು ಸಾಲು ಬರೆದ. ಗೋಪುರ ಸರಿಹೋಯಿತು. ಸಾಲನ್ನು ನಾಳೆ ಅಳಿಸಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ಅವನ ಮನೆಯಲ್ಲ, ಅದೇ ನನ್ನ ಸಂಕಟ.

ಪಕ್ಕದವರು ತಮ್ಮ ಯಂತ್ರ ಕಿತ್ತುಕೊಂಡು ಹೋದರು. ಅಂದಿನಿಂದ ಅಣೆಕಟ್ಟಿನ ಸಂದೇಶ ಹಳೆಯ ದಾರಿಯಲ್ಲಿ ಸರ್ವರಿಗೆ ಬಂದು ಕಂಬಕ್ಕೆ ಮುಟ್ಟುತ್ತಿತ್ತು. ಉತ್ತರ ಮಾತ್ರ ಸರ್ವರಿನವರೆಗೆ ಬಂದು, ಇಲ್ಲದ ಯಂತ್ರದ ಕಡೆ ತಿರುಗಿ, ಹಾಳು ಬಾವಿಗೆ ಬೀಳುತ್ತಿತ್ತು.

ಮಳೆ ಹಿಡಿದು ಅಣೆಕಟ್ಟು ತುಂಬಿದಾಗ ಗೇಟು ಕಾಯುವವನು ಫೋನು ಮಾಡಿದ.

“ಸಾಹೇಬ್ರ, ಉತ್ತರಾ ಬರವಲ್ದ್ರೀ. ನೀರು ಏರಾಕತ್ತೇತಿ. ಗೇಟ್ ಎತ್ಲೋ, ಬ್ಯಾಡೋ?”

ಸರ್ವರಿನವನು ತನ್ನ ಕುರ್ಚಿಯಿಂದಲೇ ಕಂಬಕ್ಕೆ ಒಂದು ಸಂದೇಶ ಕಳಿಸಿದ. ಸಂದೇಶ ಹೋಯಿತು, ಉತ್ತರ ಬಂತು. ಅಂಬಿಗನಿಗೂ ಫೋನು ಮಾಡಿದ. ಸೈರನ್ ಕಿವಿ ತೂತಾಗುವಂತೆ ಕೂಗಿತೆಂದು ಅಂಬಿಗ ನಕ್ಕ. ಅಣೆಕಟ್ಟಿನ ಕಡೆಗೊಂದು ಸಂದೇಶ ಕಳಿಸಿ ನೋಡಿದ್ದರೆ ಎರಡು ನಿಮಿಷದಲ್ಲಿ ಎಲ್ಲ ತಿಳಿಯುತ್ತಿತ್ತು. ಅದನ್ನು ಅವನು ಮಾಡಲಿಲ್ಲ. ನಮ್ಮವರು ಯಾರೂ ಮಾಡುವುದಿಲ್ಲ. ನಮ್ಮ ಮುಂದಿರುವುದು ಸರಿಯಾಗಿ ಕಂಡರೆ ಲೋಕವೇ ಸರಿ.

“ಸೈರನ್ ಕೂಗೇತಿ, ಅಂಬಿಗ ಕೇಳ್ಯಾನ. ನಮ್ ಕಡಿಂದ ಎಲ್ಲಾ ಸರಿ ಐತಿ. ಎತ್ತು.”

ಎತ್ತಿದ. ಏನೂ ಆಗಲಿಲ್ಲ. ಮುಂದಿನ ಸಲವೂ ಉತ್ತರ ಬರಲಿಲ್ಲ. ಗೇಟು ಕಾಯುವವನು ತಾನೇ ಅಂಬಿಗನಿಗೆ ಫೋನು ಮಾಡಿ ಕೇಳಿಕೊಂಡು ಎತ್ತಿದ. ಐದಾರು ಸಲ ಹಾಗೆ ನಡೆಯಿತು. ಪ್ರತಿ ಸಲವೂ ಸೈರನ್ ಕೂಗಿಯೇ ಇತ್ತು. ಆಮೇಲೆ ಅವನು ಕೇಳುವುದನ್ನೂ ಬಿಟ್ಟ. ಸಂದೇಶ ಕಳಿಸುವುದು, ಅರ್ಧ ಗಂಟೆ ಕಾಯುವುದು, ಎತ್ತುವುದು. ಬಾರದ ಉತ್ತರ ಎಲ್ಲರಿಗೂ ರೂಢಿಯಾಯಿತು.

ಅಂಬಿಗನಿಗೂ ಒಂದು ರೂಢಿಯಾಗಿತ್ತು. ಅವನ ಅಪ್ಪ ನೀರಿನ ಬಣ್ಣ ನೋಡಿ, ತೇಲಿ ಬರುವ ಕಸ ನೋಡಿ ಹುಟ್ಟು ಹಾಕುತ್ತಿದ್ದ. ಸೈರನ್ ಬಂದ ಮೇಲೆ ಮಗ ಅದನ್ನೆಲ್ಲ ಬಿಟ್ಟಿದ್ದ. ಕೂಗಿದರೆ ದಡ, ಕೂಗದಿದ್ದರೆ ಹೊಳೆ.

ಒಂದು ಬುಧವಾರ ಕಂಬದ ಬ್ಯಾಟರಿ ಸತ್ತಿತು. ಶನಿವಾರ ಬೆಳಿಗ್ಗೆ ಅಣೆಕಟ್ಟಿನಿಂದ ಸಂದೇಶ ಹೊರಟಿತು. ಸೈರನ್ ಕೂಗಲಿಲ್ಲ. ಉತ್ತರ ಬರಲಿಲ್ಲ. ಬಾರದ ಉತ್ತರದಲ್ಲಿ ಗೇಟು ಕಾಯುವವನಿಗೆ ಹೊಸದೇನೂ ಕಾಣಲಿಲ್ಲ. ಅರ್ಧ ಗಂಟೆ ಕಾದು ಗೇಟು ಎತ್ತಿದ.

ಆಚೆ ದಡದ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಒಂಬತ್ತು ಹೆಂಗಸರು ಹರಿಗೋಲು ಹತ್ತಿದರು. ನಡುಹೊಳೆಯಲ್ಲಿದ್ದಾಗ ನೀರು ಬಂತು. ಮೂರು ದಿನ ಹುಡುಕಿದರು. ಏಳು ಹೆಣ ಸಿಕ್ಕವು. ಅಂಬಿಗ ಸಿಗಲೇ ಇಲ್ಲ.

ಸುದ್ದಿ ಕೇಳಿದ ದಿನವೇ ಸರ್ವರಿನವನು ಆ ಪಟ್ಟಿಯನ್ನು ಮೊದಲ ಸಲ ಮೇಲಿನಿಂದ ಕೆಳಗೆ ಓದಿದ. ತಾನೇ ಬರೆದ ಸಾಲು ಅಲ್ಲೇ ಇತ್ತು. ಅಳಿಸಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಗೇಟು ಕಾಯುವವನಿಗೆ ಫೋನು ಮಾಡಿ, ಕಂಬಕ್ಕೊಂದು ಸಂದೇಶ ಕಳಿಸಿ ನೋಡಲು ಹೇಳಿದ.

“ಈಗ್ಲೂ ಬರವಲ್ದ್ರೀ” ಎಂದ ಅವನು, ಯಾವಾಗಲೂ ಹೇಳುವ ದನಿಯಲ್ಲೇ.

ಈ ಸಲ ದಾರಿ ಸರಿಯಾಗಿಯೇ ಇತ್ತು. ಆ ದಡದಲ್ಲಿ ಉತ್ತರ ಕೊಡುವಂಥದ್ದೇನೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ತಪ್ಪು ಯಾರದು? ಸಾಲು ಬರೆದವನದೋ, ಗೇಟು ಎತ್ತಿದವನದೋ?” ಎಂದು ಕೇಳಿದ.

ಶಿಷ್ಯ ಮೇಜಿನ ಮೇಲಿಟ್ಟಿದ್ದ ಫೋನನ್ನು ಗುರುಗಳು ಅವನ ಕಡೆಗೆ ಸರಿಸಿದರು.

“ನಿನ್ನ ಉಗ್ರಾಣದಲ್ಲಿ ಈ ಹೊತ್ತು ಯಾರಾದರೂ ಇದ್ದಾರೆಯೇ?”