ಕಸ್ತೂರಿಯ ಬಣ್ಣ

ಹೊಳೆದಂಡೆಯ ಆ ಆಶ್ರಮಕ್ಕೆ ಜನ ಫೋಟೊ ಹಿಡಿದುಕೊಂಡು ಬರುತ್ತಿದ್ದರು. ತೀರಿಹೋದವರ ಫೋಟೊ. ಹರಿದದ್ದು, ನೀರು ಬಿದ್ದದ್ದು, ಗೆದ್ದಲು ತಿಂದದ್ದು. ಅದನ್ನು ತಿದ್ದಿ, ದೊಡ್ಡದು ಮಾಡಿ, ಮನೆಯವರ ಕೈಗಿಡುವುದೇ ಅಲ್ಲಿಯ ಸೇವೆ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ನಲವತ್ತು ವರ್ಷ ಕುಂಚ, ಪೆನ್ಸಿಲ್ಲುಗಳಿಂದಲೇ ಮುಖ ತಿದ್ದಿದವರು. ಕೈ ನಡುಗತೊಡಗಿದ ಮೇಲೆ ಕೆಲಸವನ್ನು ಶಿಷ್ಯ ಚನ್ನವೀರನಿಗೆ ಒಪ್ಪಿಸಿದ್ದರು. ಅವನು ಹಳೆಯದೊಂದು ಕಂಪ್ಯೂಟರಿನಲ್ಲಿ ತಿದ್ದುವುದನ್ನು ಕಲಿತಿದ್ದ. ಅದು ಕೆಟ್ಟು ಕೂತಾಗ ಭಕ್ತರೊಬ್ಬರು ಹೊಸದು ಕೊಡಿಸುತ್ತೇನೆಂದರು. ಆರಿಸುವ ಹೊಣೆ ಚನ್ನವೀರನಿಗೇ ಬಿತ್ತು.

ಪೇಟೆಯಿಂದ ತಿರುಗಿ ಬಂದವನ ಕಾಲು ನೆಲದ ಮೇಲಿರಲಿಲ್ಲ.

"ಎಂಥಾದ್ದು ಆರಿಸಿದ್ಯೋ?" ಅಜ್ಜಾರು ಕೇಳಿದರು.

"ಭಾರೀ ಜೋರ ಐತ್ರಿ ಅಜ್ಜಾರ. ಹಳೇದು ಒಂದು ಫೋಟೊ ತೆರಿಯೂದ್ರಾಗ ನಾ ಚಾ ಕುಡದು ಬರ್ತಿದ್ದೆ. ಇದು ಕಣ್ಣು ಪಿಳುಕಿಸೂದ್ರಾಗ ತೆರಿತೈತಿ."

"ಸ್ಕ್ರೀನು?"

"ಅಂಗಡ್ಯಾಗ ಒಂಬತ್ತು ಸ್ಕ್ರೀನು ಸಾಲಾಗಿ ಇಟ್ಟಿದ್ರು. ಎಲ್ಲಾಕ್ಕಿಂತ ಜಗ್ಗಿ ಹೊಳಿಯೂದನ್ನ ತಂದೀನಿ. ಅಂಗಡ್ಯಾವ ಅದರಾಗ ಗಿಳಿ ಫೋಟೊ ಹಾಕಿ ತೋರಿಸಿದ, ನೋಡಬೇಕಿತ್ರಿ ನೀವು!"

"ನಮ್ಮಲ್ಲಿಗೆ ಗಿಳಿ ಫೋಟೊ ಯಾರ್ ತರ್ತಾರ?"

ಚನ್ನವೀರನ ಮುಖ ಸಪ್ಪಗಾಯಿತು. ದಿನವಿಡೀ ಅಲೆದು ತಂದದ್ದಕ್ಕೆ ಒಂದು ಒಳ್ಳೆ ಮಾತಿಲ್ಲ. ಈ ವಯಸ್ಸಾದವರಿಗೆ ಹೊಸದೆಂದರೆ ಕೊಂಕು ಎಂದು ಮನಸ್ಸಿನಲ್ಲೇ ಗೊಣಗಿಕೊಂಡ.

ಕಂಪ್ಯೂಟರನ್ನು ಅವನು ಧ್ಯಾನದ ಕೋಣೆಯಲ್ಲಿ ಹೂಡಿದ. ಅಲ್ಲಿ ನೆಲದಿಂದ ಚಾವಣಿಯವರೆಗೆ ಕಾವಿ. ಅಜ್ಜಾರ ಗುರುಗಳು, ದೊಡ್ಡಜ್ಜಾರು, ತಮ್ಮ ಕೈಯಿಂದಲೇ ಬಳಿದ ಗೋಡೆ. ಇಂಥ ಯಂತ್ರಕ್ಕೆ ಇದಕ್ಕಿಂತ ಪವಿತ್ರ ಜಾಗ ಯಾವುದು? ಸ್ಕ್ರೀನಿನ ಬೆಳಕನ್ನು ತುದಿಯವರೆಗೆ ಏರಿಸಿದ. ಏಳು ವರ್ಷ ಕಾದು, ಹೋದ ತಿಂಗಳಷ್ಟೇ ಪಡೆದ ಕಾವಿ ಬಟ್ಟೆಯಲ್ಲಿ ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ.

ಮೊದಲು ಬಂದದ್ದು ಫಕೀರವ್ವನ ಮಗಳ ಫೋಟೊ.

ಹತ್ತೊಂಬತ್ತಕ್ಕೇ ತೀರಿಹೋದ ಹುಡುಗಿ, ಹೆಸರು ಕಸ್ತೂರಿ. ಉಳಿದದ್ದು ಬಸ್ ಪಾಸಿನ ಮೇಲಿನ ಒಂದೇ ಚಿತ್ರ. ಕೆನ್ನೆಯ ಮೇಲೆ ಕಚೇರಿಯ ಮುದ್ರೆ ಬಿದ್ದಿತ್ತು. ಸೋಮವಾರ ವರ್ಷದ ಕಾರ್ಯ, ಅಷ್ಟರೊಳಗೆ ಬೇಕೆಂದು ಫಕೀರವ್ವ ಕೈ ಮುಗಿದಳು.

"ನನ್ನ ಮಗಳು ಹೆಂಗಿದ್ದಳಂದ್ರ ತಮ್ಮಾ..."

"ಹೇಳೂದ ಬ್ಯಾಡ ಯವ್ವಾ. ಫೋಟೊದಾಗ ಕಾಣತೈತಲ್ಲ," ಎಂದ ಚನ್ನವೀರ.

ಎರಡು ದಿನ ಕೂತ. ಮುದ್ರೆ ತೆಗೆದ, ಹುಬ್ಬು ಮೂಡಿಸಿದ, ಕೂದಲು ಒಂದೊಂದೇ ಎಳೆ ಎಳೆದ. ಮುಖ ಯಾಕೋ ನೀಲಿಗಟ್ಟಿದ ಹಾಗೆ ಕಂಡಿತು. ಹಳದಿ ಏರಿಸಿ ಬಣ್ಣ ಬೆಚ್ಚಗೆ ಮಾಡಿದ. ಇನ್ನೂ ಸ್ವಲ್ಪ ಮಾಡಿದ. ಈಗ ಸರಿಯಾಯಿತು ಎನಿಸಿತು. ಪ್ರಿಂಟ್ ತೆಗೆದು, ಕಟ್ಟು ಹಾಕಿಸಿ, ಭಾನುವಾರ ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಫಕೀರವ್ವನ ಕೈಗೆ ಕೊಟ್ಟ.

ಅವಳು ನೋಡಿದಳು.

"ಇದೇನೋ ಇದು?"

"ಯಾಕ ಯವ್ವಾ?"

"ನನ್ನ ಮಗಳು ಹಿಂಗ ಇದ್ದದ್ದು ಹದಿನೈದ ದಿನ! ಕಾಮಣಿ ಆಗಿ ದವಾಖಾನ್ಯಾಗ ಬಿದ್ದಾಗ. ಮಾರಿ ಹಳದಿ, ಉಗುರು ಹಳದಿ. ಆ ಮಾರಿ ಮರೀಲಿಕ್ಕಂತ ನಾ ಈ ಫೋಟೊ ಮಾಡಿಸಾಕ ಬಂದೆ. ನೀ ಅದನ್ನ ಮಾಡಿ, ಕಟ್ಟು ಹಾಕಿ ಕೊಟ್ಟಿಯಲ್ಲೋ! ಇದನ್ನ ಸಾಯೂತನಕ ಗ್ವಾಡೀ ಮ್ಯಾಲೆ ನೋಡ್ಲೇನು ನಾನು?"

ನೀರಿಗೆ ಬಂದವರೆಲ್ಲ ಕೊಡ ಕೆಳಗಿಟ್ಟು ತಿರುಗಿ ನೋಡಿದರು.

ಚನ್ನವೀರನ ಮೈ ಉರಿದುಹೋಯಿತು. "ಎರಡು ದಿನ ಬೆನ್ನು ಬಗ್ಗಿಸಿ ಕುಂತೀನಿ ಯವ್ವಾ. ಕಂಪ್ಯೂಟರಿನಾಗ ಬಣ್ಣ ಚಲೋ ಐತಿ. ನಿನ್ನ ಕಣ್ಣಿಗೆ ಹಂಗ ಕಂಡರ ನಾ ಏನ್ ಮಾಡ್ಲಿ?"

ಹೆತ್ತು, ಹತ್ತೊಂಬತ್ತು ವರ್ಷ ತಲೆ ಬಾಚಿದವಳ ಕಣ್ಣು ಸುಳ್ಳಂತೆ! ನಾಲ್ಕು ದಿನದ ಯಂತ್ರ ಸತ್ಯವಂತೆ! ಕೇಳಿದವರ ರಕ್ತ ಕುದಿಯಬೇಕು. ಫಕೀರವ್ವ ಫೋಟೊವನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ, ಪಕ್ಕದಲ್ಲೇ ಕೂತಳು. ಪ್ರಸಾದಕ್ಕೆ ಕರೆದರೂ ಏಳಲಿಲ್ಲ.

ಚನ್ನವೀರ ದಡದಡನೆ ಅಜ್ಜಾರ ಬಳಿಗೆ ನಡೆದ.

"ಇದು ನ್ಯಾಯ ಏನ್ರಿ ಅಜ್ಜಾರ? ಮಂದೀ ಮುಂದ ನನ್ನ ಮರ್ಯಾದಿ ತಗದಳು. ತಪ್ಪಿದ್ದರ ಪ್ರಿಂಟರಿಂದು!"

"ಪ್ರಿಂಟರು ಆರು ವರ್ಷದಿಂದ ಐತಿ. ಹೊಸದು ಯಾವುದು?"

"ಹಂಗಾರ ಬಂದು ನೀವ ನೋಡ್ರಿ!"

ಅಜ್ಜಾರು ಎದ್ದು ಕೋಣೆಗೆ ಬಂದರು. ಹುಡುಗಿಯ ಚಿತ್ರ ನೋಡಲಿಲ್ಲ. "ಬರೀ ಬಿಳೀದು ತೋರಿಸು," ಎಂದರು.

ಚನ್ನವೀರ ಖಾಲಿ ಬಿಳಿ ಹಾಳೆಯನ್ನು ಸ್ಕ್ರೀನಿನ ತುಂಬ ತೆರೆದ. ಅಜ್ಜಾರು ಪ್ರಿಂಟರಿನಿಂದ ಒಂದು ಕಾಗದ ಎಳೆದು ಸ್ಕ್ರೀನಿನ ಪಕ್ಕಕ್ಕೆ ಹಿಡಿದರು.

"ಎರಡರಾಗ ಬಿಳೀದು ಯಾವುದು?"

ಚನ್ನವೀರ ನೋಡಿದ. ಸ್ಕ್ರೀನು ನೀಲಿಯಾಗಿತ್ತು. ಕಾಗದ ಗೋಡೆಯ ಕಾವಿಯನ್ನು ಮೈಗೆ ಹತ್ತಿಸಿಕೊಂಡಿತ್ತು. ಎರಡೂ ಬಿಳಿಯಲ್ಲವೆಂದು ಕಂಡು ಅವನಿಗೆ ಮತ್ತಷ್ಟು ರೇಗಿತು.

ಅಜ್ಜಾರು ಹೊರಗೆ ಹೋದರು. ಬಂದಾಗ ಅವರ ಕೈಯಲ್ಲಿ ಒಲೆಯ ಬೂದಿ ಕಲಸಿದ ಬಕೆಟ್ಟಿತ್ತು. ನಡುಗುವ ಕೈಯಿಂದಲೇ ಚಿಂದಿ ಅದ್ದಿ, ದೊಡ್ಡಜ್ಜಾರ ಗೋಡೆಗೆ ಬೂದಿ ಬಳಿಯತೊಡಗಿದರು.

"ಅಜ್ಜಾರ! ಏನ್ ಮಾಡಾಕತ್ತೀರಿ?" ಚನ್ನವೀರ ಚೀರಿದ. "ದೊಡ್ಡಜ್ಜಾರು ಹಚ್ಚಿದ ಕಾವಿ ಅದು!"

"ಅವರು ಕಣ್ಣು ಮುಚ್ಚಿ ಕುಂಡ್ರಾಕ ಹಚ್ಚಿದ್ರು. ನೀ ಕಣ್ಣು ತೆರದು ಕುಂತಿ. ಕಾವಿ ನಡುವ ಕುಂತ ಕಣ್ಣಿಗೆ ಬಿಳೀದೂ ನೀಲಿ ಕಾಣತೈತಿ, ಅದಕ್ಕ ನೀ ಹಳದಿ ಸುರದಿ."

"ಒಂದು ಫೋಟೊ ಸಲುವಾಗಿ ಆಶ್ರಮದ ಗ್ವಾಡಿ ಅಳಸ್ತೀರೇನು?"

"ಆ ಮೂಲಿಗೆ ನನ್ನ ಕೈ ಎಟಕೂದಿಲ್ಲ. ನೀ ಹಚ್ಚು."

ಹಲ್ಲು ಕಡಿಯುತ್ತ ಚನ್ನವೀರ ಚಿಂದಿ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಗೋಡೆ ಬೂದಿಯಾಯಿತು. ಕಿಟಕಿಯ ಬಿಸಿಲು ಸ್ಕ್ರೀನಿಗೆ ಬೀಳದಂತೆ ಮೇಜು ತಿರುಗಿಸಿದರು. ಅಜ್ಜಾರು ಕಾಗದ ಹಿಡಿದೇ ನಿಂತರು. ಸ್ಕ್ರೀನಿನ ಬಿಳಿ ಆ ಕಾಗದದ ಬಿಳಿಗೆ ಹೊಂದುವ ತನಕ ಚನ್ನವೀರ ಬೆಳಕು ಇಳಿಸಿದ, ನೀಲಿ ಇಳಿಸಿದ. ಅಂಗಡಿಯ ಹೊಳಪೆಲ್ಲ ಹೋಗಿ ಅದು ಸಾಧಾರಣವಾಗಿ ಕಂಡಿತು.

"ಈಗ ಆ ಬಟ್ಟಿ ತಗಿ," ಎಂದರು ಅಜ್ಜಾರು.

"ಏನಂದ್ರಿ?"

"ನಿನ್ನ ಎದಿ ಮ್ಯಾಲಿನ ಕಾವಿ ಸ್ಕ್ರೀನಿನಾಗ ಬೀಳಾಕತ್ತೈತಿ. ಕಂಬಳಿ ಹೊದ್ದು ಕುಂಡ್ರು."

ಇದು ಮಿತಿ ಮೀರಿತು. ಏಳು ವರ್ಷ ನೀರು ಹೊತ್ತು, ಕಸ ಗುಡಿಸಿ ಪಡೆದ ಬಟ್ಟೆ. ಕೊಟ್ಟ ಕೈಯೇ ಬಿಚ್ಚು ಎನ್ನುತ್ತಿದೆ. ಚನ್ನವೀರನ ಕಣ್ಣಲ್ಲಿ ನೀರು ಬಂತು. ಬಟ್ಟೆ ಮಡಚಿಟ್ಟು, ಬೂದು ಕಂಬಳಿ ಸುತ್ತಿಕೊಂಡು ಕೂತ. ತಾನು ತಿದ್ದಿದ ಚಿತ್ರವನ್ನು ಮತ್ತೆ ತೆರೆದ.

ಹಳದಿ.

ಹಣೆ ಹಳದಿ, ಕೆನ್ನೆ ಹಳದಿ, ಕಣ್ಣಿನ ಬಿಳಿಗೂ ಹಳದಿ ಇಳಿದಿತ್ತು. ಆಸ್ಪತ್ರೆಯ ಮಂಚದಿಂದ ಎದ್ದು ಕೂತ ಮುಖ. ಇದನ್ನೇ ಆ ತಾಯಿಯ ಮಡಿಲಿಗೆ ಹಾಕಿ, ನಿನ್ನ ಕಣ್ಣಿನ ತಪ್ಪು ಎಂದಿದ್ದ. ಬೆಳಗಿನಿಂದ ಊರ ಮೇಲೆಲ್ಲ ಹಾರಾಡಿದ ಸಿಟ್ಟು ಈಗ ಅವನನ್ನೇ ಸುಡತೊಡಗಿತು.

ಮೊದಲಿನಿಂದ ತಿದ್ದಿದ. ಹಳದಿ ಇಳಿದ ಹಾಗೆ ಒಳಗಿಂದ ಕಪ್ಪು ಹುಡುಗಿಯೊಬ್ಬಳು ನಿಧಾನವಾಗಿ ಎದ್ದು ಬಂದಳು. ಬಿಸಿಲು ಇಳಿಯುವ ಮೊದಲು ಪ್ರಿಂಟ್ ಕೈಯಲ್ಲಿತ್ತು.

ಫಕೀರವ್ವ ಇನ್ನೂ ಮೆಟ್ಟಿಲ ಮೇಲೇ ಇದ್ದಳು. ಚನ್ನವೀರನಿಗೆ ಆ ಕಡೆ ಹೆಜ್ಜೆ ಇಡಲು ಧೈರ್ಯವಾಗಲಿಲ್ಲ. ನೇರ ಅಜ್ಜಾರ ಬಳಿ ಬಂದು ಎರಡೂ ಕೈಯಿಂದ ಫೋಟೊ ಮುಂದೆ ಹಿಡಿದ.

"ಈಗ ಬಣ್ಣ ಸರಿ ಆಗೇತಿ ಹೌದಲ್ರಿ? ನೀವೊಮ್ಮೆ ಹೂಂ ಅನ್ರಿ. ನೀವ ಒಯ್ದು ಆಕಿಗೆ ಕೊಡ್ರಿ."

ಅಜ್ಜಾರು ಫೋಟೊ ಕಡೆ ಕಣ್ಣು ಹಾಯಿಸಲಿಲ್ಲ.

"ನನ್ನ ಯಾಕ ಕೇಳ್ತೀಯೋ? ನಾ ಆ ಹುಡುಗೀನ ನೋಡಿಲ್ಲ."